ಜಮೀನು ಹುಡುಕುತ್ತ ಸಿಪಾಯಿಯಾದವನು: ಕ್ರೊಕೆಟ್ ಮನೆತನದ ಪ್ರಕರಣ

1836ರ ಜನವರಿ 14. ಟೆಕ್ಸಾಸಿನ ನ್ಯಾಕಡೋಚಸ್ ಎಂಬ ಊರು. 49 ವರ್ಷದ ಒಬ್ಬ ಗಂಡಸು ಸೇನೆಗೆ ಸೇರುವ ಪ್ರಮಾಣಪತ್ರಕ್ಕೆ ಸಹಿ ಹಾಕಲು ಬಂದಿದ್ದಾನೆ. ಜಡ್ಜ್ ಜಾನ್ ಫೋರ್ಬ್ಸ್ ಪತ್ರ ಓದಿ ಹೇಳಿದ. ಮುಂದೆ ಟೆಕ್ಸಾಸಿನಲ್ಲಿ ಯಾವ ಸರ್ಕಾರ ಬಂದರೂ ನಿಷ್ಠೆಯಿಂದ ಇರುತ್ತೇನೆ ಅಂತ ಅದರಲ್ಲಿತ್ತು. ಬಂದವನು ಅಲ್ಲೇ ತಡೆದ. ಯಾವುದೋ ಸರ್ಕಾರಕ್ಕೆಲ್ಲ ನಾನು ಸಹಿ ಹಾಕೋದಿಲ್ಲ, ‘ಪ್ರಜಾಪ್ರಭುತ್ವದ ಸರ್ಕಾರ’ ಅಂತ ಬರೆಯಿರಿ ಅಂದ. ಫೋರ್ಬ್ಸ್ ಆ ಒಂದು ಪದ ಸೇರಿಸಿದ ಮೇಲೆಯೇ ಸಹಿ ಬಿತ್ತು.

ಆ ಸಹಿ ಡೇವಿಡ್ ಕ್ರೊಕೆಟ್‌ನದು. ಲೋಕಕ್ಕೆ ಗೊತ್ತಿರುವ ಹೆಸರು ಡೇವಿ ಕ್ರೊಕೆಟ್. ಕರಡಿ ಬೇಟೆಗಾರ, ಟೆನೆಸ್ಸಿಯಿಂದ ಮೂರು ಸಲ ಗೆದ್ದ ಸಂಸದ, ಅಲಾಮೊ ಕೋಟೆಯಲ್ಲಿ ಸತ್ತ ವೀರ. ಅವನ ಬಗ್ಗೆ ಕಟ್ಟಿದ ಕಥೆಗಳಿಗೆ ಲೆಕ್ಕವಿಲ್ಲ. ಆದರೆ ಆ ಕಾಗದದಲ್ಲಿ ವೀರನೂ ಇಲ್ಲ, ಬೇಟೆಗಾರನೂ ಇಲ್ಲ. ಆರು ತಿಂಗಳ ಮಟ್ಟಿಗೆ ಸೇರಿಕೊಂಡ ಒಬ್ಬ ಸ್ವಯಂಸೇವಕ ಸಿಪಾಯಿ ಇದ್ದಾನೆ. ಅವನ ಜೊತೆ ಇನ್ನೂ 65 ಮಂದಿ ಪ್ರಮಾಣ ಮಾಡಿದರು. ಸೇವೆಗೆ ಬದಲಾಗಿ ಅವರಿಗೆ ಸಿಕ್ಕಿದ್ದ ಮಾತು ಒಂದೇ: ಜಮೀನು. ತಲೆಗೆ ನಾಲ್ಕು ಸಾವಿರ ಎಕರೆಗೂ ಜಾಸ್ತಿ.

ಇಷ್ಟು ವಯಸ್ಸಾದ, ಸಂಸತ್ತಿನಲ್ಲಿ ಕೂತು ಬಂದ, ಮಕ್ಕಳು ಮದುವೆಯಾಗಿರುವ ಮನುಷ್ಯ ಯಾಕೆ ಮತ್ತೆ ಸಿಪಾಯಿಯಾದ? ಇದಕ್ಕೆ ಉತ್ತರ ಅವನೊಬ್ಬನ ಬದುಕಿನಲ್ಲಿ ಸಿಗೋದಿಲ್ಲ. ಅವನ ಅಜ್ಜನಿಂದ ಶುರು ಮಾಡಬೇಕು. ಮೂರು ತಲೆಮಾರು ಆ ಮನೆತನ ಗಡಿಯಿಂದ ಗಡಿಗೆ ಹೋಗುತ್ತಲೇ ಇತ್ತು. ಹೋದಲ್ಲೆಲ್ಲ ಜಮೀನು ಹಿಡಿಯಿತು, ಹೋದಲ್ಲೆಲ್ಲ ಕಳೆದುಕೊಂಡಿತು. ನನ್ನ ಪ್ರಕಾರ ಈ ಪ್ರಕರಣದ ತಿರುಳು ಇದೇ.

ಅಜ್ಜನ ಮನೆ

ಮನೆತನದ ಮೂಲದ ಬಗ್ಗೆ ಒಂದು ಚಂದದ ಕಥೆ ಓಡಾಡುತ್ತದೆ. ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಯ ಕಾವಲು ಪಡೆಯಲ್ಲಿದ್ದ ‘ಕ್ರೊಕೆಟಾನ್ಯ’ ಎಂಬ ಸರದಾರನೊಬ್ಬ ಧರ್ಮದ ಕಾರಣಕ್ಕೆ ಓಡಿ ಬಂದು ಐರ್ಲೆಂಡ್ ಸೇರಿದ, ಆ ಹೆಸರೇ ಕ್ರೊಕೆಟ್ ಆಯಿತು ಅಂತ. ಇದಕ್ಕೆ ಆ ಕಾಲದ ಗಟ್ಟಿ ದಾಖಲೆಯ ಬೆಂಬಲವಿಲ್ಲ. ಡೇವಿಡ್ ತನ್ನ ಆತ್ಮಕಥೆಯ ಪುಸ್ತಕದಲ್ಲಿ ಬರೆದದ್ದು ತೀರಾ ಸರಳ: ನನ್ನಪ್ಪ ಐರಿಷ್ ಮೂಲದವನು, ಹುಟ್ಟಿದ್ದು ಐರ್ಲೆಂಡಿನಲ್ಲೋ ಅಥವಾ ಹಡಗಿನಲ್ಲೋ. ಇತಿಹಾಸಕಾರರು ಅದನ್ನೂ ಒಪ್ಪೋದಿಲ್ಲ. ಅಪ್ಪ ಹುಟ್ಟಿದ್ದು ವರ್ಜೀನಿಯಾದಲ್ಲಿ ಅಂತಾರೆ. ತಂದೆ ಎಲ್ಲಿ ಹುಟ್ಟಿದ ಅನ್ನೋದೇ ಮಗನಿಗೆ ಸರಿಯಾಗಿ ಗೊತ್ತಿರಲಿಲ್ಲ. ಒಂದೂರಿನಲ್ಲಿ ಬೇರು ಬಿಡದ ಮನೆಗಳಲ್ಲಿ ಹೀಗೇ ಆಗುತ್ತದೆ ಅಲ್ವಾ?

ಅಜ್ಜನ ಹೆಸರೂ ಡೇವಿಡ್. ಉತ್ತರ ಕ್ಯಾರೊಲಿನಾದಿಂದ ಅಪಲಾಚಿಯನ್ ಬೆಟ್ಟಸಾಲು ದಾಟಿ, ಈಗ ಟೆನೆಸ್ಸಿಯ ರೋಜರ್ಸ್‌ವಿಲ್ ಇರುವ ಜಾಗದಲ್ಲಿ ಮನೆ ಕಟ್ಟಿದ. 1763ರಲ್ಲೇ ಬ್ರಿಟನ್ ದೊರೆ ಬೆಟ್ಟದ ಆಚೆ ಯಾರೂ ನೆಲೆಸಬಾರದು ಅಂತ ಆಜ್ಞೆ ಹೊರಡಿಸಿದ್ದ. ಯಾರೂ ಕೇಳಲಿಲ್ಲ. 1775ರಲ್ಲಿ ಸಿಕಮೋರ್ ಶೋಲ್ಸ್ ಎಂಬಲ್ಲಿ ರಿಚರ್ಡ್ ಹೆಂಡರ್ಸನ್ ಎಂಬ ಭೂವ್ಯಾಪಾರಿ ಚೆರೋಕೀ ಎಂಬ ಮೂಲನಿವಾಸಿ ಜನರ ಹಿರಿಯರ ಕೈಯಿಂದ ಸುಮಾರು 2 ಕೋಟಿ ಎಕರೆ ಬರೆಸಿಕೊಂಡ. ಹಿರಿಯರು ಒಪ್ಪಿದರು, ಆದರೆ ಡ್ರ್ಯಾಗಿಂಗ್ ಕೆನೂ ಎಂಬ ಯುವ ನಾಯಕ ಒಪ್ಪಲಿಲ್ಲ. ಮಾರಿದವರಲ್ಲಿ ಅವನ ತಂದೆಯೂ ಒಬ್ಬ. ಡ್ರ್ಯಾಗಿಂಗ್ ಕೆನೂ ತನ್ನವರನ್ನು ಕಟ್ಟಿಕೊಂಡು ಬೇರೆಯಾಗಿ ಹೋಗಿ ಯುದ್ಧಕ್ಕೆ ನಿಂತ.

1777ರಲ್ಲಿ ಆ ಯುದ್ಧ ಕ್ರೊಕೆಟ್ ಮನೆ ಬಾಗಿಲಿಗೇ ಬಂತು. ಅಜ್ಜ, ಅಜ್ಜಿ ಇಬ್ಬರನ್ನೂ ಅವರ ಮನೆಯಲ್ಲೇ ಕೊಂದರು. ಚಿಕ್ಕಪ್ಪ ಜೋಸೆಫನ ತೋಳಿಗೆ ಗುಂಡು ಬಿದ್ದು ಮೂಳೆ ಮುರಿಯಿತು. ಜೇಮ್ಸ್ ಎಂಬ ಇನ್ನೊಬ್ಬ ಚಿಕ್ಕಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ, ಮಾತು ಬರುತ್ತಿರಲಿಲ್ಲ. ಓಡಿಹೋಗಲು ಆಗದೆ ಸೆರೆಸಿಕ್ಕ. ಡೇವಿಡ್ ಕೊಡುವ ಲೆಕ್ಕದ ಪ್ರಕಾರ 17 ವರ್ಷ 9 ತಿಂಗಳು ಅವರ ನಡುವೆಯೇ ಬದುಕಿದ. ಆಮೇಲೆ ಅಣ್ಣಂದಿರಿಬ್ಬರು ಅವನನ್ನು ಗುರುತು ಹಿಡಿದು, ವ್ಯಾಪಾರಿಯೊಬ್ಬನಿಗೆ ದುಡ್ಡು ಕೊಟ್ಟು ಬಿಡಿಸಿಕೊಂಡು ಬಂದರು.

ಈ ಜೇಮ್ಸನ ಸಂಗತಿ ನನ್ನ ಮನಸ್ಸಿನಿಂದ ಹೋಗೋದೇ ಇಲ್ಲ. ಹದಿನೇಳು ವರ್ಷ ಅಂದರೆ ಒಂದು ಅರ್ಧ ಬದುಕು. ಅವನಿಗೆ ಅಲ್ಲಿ ಅನ್ನ ಹಾಕಿದವರು, ಸನ್ನೆಯಲ್ಲಿ ಮಾತಾಡಿದವರು ಯಾರೋ ಇದ್ದಿರಲೇಬೇಕು. ವಾಪಸು ಬರುವಾಗ ಅವನಿಗೆ ಹೇಗನ್ನಿಸಿತು ಅಂತ ಹೇಳಲು ಮಾತಿರಲಿಲ್ಲ, ಕೇಳುವವರೂ ಇರಲಿಲ್ಲ. ಪುಸ್ತಕದಲ್ಲಿ ಅವನಿಗೆ ಸಿಕ್ಕಿದ್ದು ಕೆಲವೇ ಸಾಲು.

ಅಪ್ಪನ ಸಾಲ

ಅಪ್ಪ ಜಾನ್ ಆ ದಿನ ಮನೆಯಲ್ಲಿರಲಿಲ್ಲ, ಗಡಿ ಕಾಯುವ ಪಡೆಯ ಜೊತೆ ಹೋಗಿದ್ದ. ಹಾಗಾಗಿ ಉಳಿದ. 1780ರ ಅಕ್ಟೋಬರ್ 7ರಂದು ಕಿಂಗ್ಸ್ ಮೌಂಟನ್ ಕದನದಲ್ಲಿ ಹೋರಾಡಿದ. ಬೆಟ್ಟದಾಚೆಯಿಂದ ಸ್ವಂತ ಬಂದೂಕು, ಸ್ವಂತ ಕುದುರೆ ತಗೊಂಡು ಬಂದಿದ್ದ ರೈತರು ಬ್ರಿಟಿಷ್ ಮೇಜರ್ ಫರ್ಗ್ಯುಸನ್ನನ ಪಡೆಯನ್ನು ಸುತ್ತುವರಿದು ಸೋಲಿಸಿದ ಕದನ ಅದು. ಹೀಗೆ ಈ ಮನೆಯಲ್ಲಿ ಸ್ವಯಂಸೇವೆಯ ಸಿಪಾಯಿಗಿರಿ ಡೇವಿಡ್‌ನಿಂದ ಶುರುವಾದದ್ದಲ್ಲ.

ಯುದ್ಧ ಗೆದ್ದ ಜಾನ್ ಬದುಕಿನಲ್ಲಿ ಮಾತ್ರ ಸೋಲುತ್ತಲೇ ಹೋದ. ಒಂಬತ್ತು ಮಕ್ಕಳು. 1786ರ ಆಗಸ್ಟ್ 17ರಂದು ನೋಲಿಚಕಿ ನದಿಗೆ ಲೈಮ್‌ಸ್ಟೋನ್ ಹಳ್ಳ ಸೇರುವ ಕಡೆ ಹುಟ್ಟಿದ ಡೇವಿಡ್ ಐದನೆಯವನು. ಪಾಲುದಾರನ ಜೊತೆ ಸೇರಿ ಕಟ್ಟಿದ ನೀರಿನ ಹಿಟ್ಟಿನ ಗಿರಣಿ ಪ್ರವಾಹದಲ್ಲಿ ಕೊಚ್ಚಿಹೋಯಿತು. ಅಲ್ಲಿಂದ ಜೆಫರ್ಸನ್ ಕೌಂಟಿಗೆ ಹೋದರು. 1795ರಲ್ಲಿ ಅಲ್ಲಿನ ಜಮೀನೂ ಸಾಲಕ್ಕೆ ಹೋಯಿತು. ಕೊನೆಗೆ ಗಾಡಿ ಹೊಡೆಯುವವರು ತಂಗುವ ಒಂದು ಸಣ್ಣ ಖಾನಾವಳಿ ಇಟ್ಟುಕೊಂಡ. ಸಾಲದ ಒತ್ತಡಕ್ಕೆ 12 ವರ್ಷದ ಡೇವಿಡ್‌ನನ್ನು ದನ ಹೊಡೆದುಕೊಂಡು ಹೋಗುವ ವ್ಯಾಪಾರಿಯ ಜೊತೆ ಕೂಲಿಗೆ ಬಿಟ್ಟ. ಹುಡುಗ ಗೊತ್ತಿಲ್ಲದವನ ಹಿಂದೆ ನೂರಾರು ಮೈಲಿ ನಡೆದು ವರ್ಜೀನಿಯಾಗೆ ಹೋದ.

ಮುಂದೆ ಶಾಲೆ ತಪ್ಪಿಸಿ, ಅಪ್ಪನ ಏಟಿಗೆ ಹೆದರಿ, ಡೇವಿಡ್ ಮನೆ ಬಿಟ್ಟು ಓಡಿದ. ಎರಡು ವರ್ಷಕ್ಕೂ ಜಾಸ್ತಿ ಅಲೆದು ವಾಪಸು ಬಂದಾಗ ಮನೆಯವರಿಗೆ ಗುರುತೇ ಸಿಗಲಿಲ್ಲ. ಅಪ್ಪ ಹೇಳಿದ: ಒಬ್ಬರಿಗೆ 36 ಡಾಲರ್ ಸಾಲ ಇದೆ, ನೀನು ದುಡಿದು ತೀರಿಸಿದರೆ ನಿನ್ನ ಪಾಡಿಗೆ ನೀನು ಸ್ವತಂತ್ರ. ಹುಡುಗ ಆರು ತಿಂಗಳು ದುಡಿದು ತೀರಿಸಿದ. ಆಮೇಲೆ ಇನ್ನೊಂದು ಕೆಲಸ ಮಾಡಿದ. ಅದನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಅಪ್ಪನ ಇನ್ನೊಂದು ಸಾಲಪತ್ರ, 40 ಡಾಲರ್‌ದು, ಕ್ವೇಕರ್ ಪಂಥದ ರೈತನೊಬ್ಬನ ಹತ್ತಿರ ಇತ್ತು. ಅವನ ಹೊಲದಲ್ಲಿ ಮತ್ತೆ ಆರು ತಿಂಗಳು ದುಡಿದ. ಪತ್ರ ಕೈಗೆ ಬಂದ ದಿನ ಮನೆಗೆ ಹೋಗಿ ಅಪ್ಪನ ಮುಂದಿಟ್ಟ.

ಮಗ ವಸೂಲಿಗೆ ಬಂದಿದ್ದಾನೆ ಅಂದುಕೊಂಡ ಅಪ್ಪ. ಮುಖ ಸಪ್ಪಗಾಯಿತು. ಕೊಡಲು ದುಡ್ಡಿಲ್ಲ, ಏನು ಮಾಡಬೇಕೋ ತೋಚುತ್ತಿಲ್ಲ ಅಂದ. ಆಗ ಮಗ, ಅಪ್ಪಾ, ಇದು ತೀರಿಹೋಗಿದೆ, ನಿನಗೇ ಅಂತ ತಂದೆ ಅಂದ. ಜಾನ್ ಕ್ರೊಕೆಟ್ ಅಳಲು ಶುರುಮಾಡಿದ. ಸ್ವಲ್ಪ ಸುಧಾರಿಸಿಕೊಂಡು, ನಿನಗೆ ಕೊಡಲು ನನ್ನ ಹತ್ತಿರ ಏನೂ ಇಲ್ಲ ಮಗಾ ಅಂದ. ಅದು ನಿಜವೂ ಆಗಿತ್ತು. ಆ ಮನೆಯಲ್ಲಿ ಮಗನಿಗೆ ಬರಬೇಕಾಗಿದ್ದ ಆಸ್ತಿ ಅಂದರೆ ಆ ಹರಿದುಹಾಕಬಹುದಾದ ಕಾಗದ ಒಂದೇ.

ತೊಂಬತ್ತು ದಿನದ ಸಿಪಾಯಿ

1806ರಲ್ಲಿ ಡೇವಿಡ್ ಪಾಲಿ ಫಿನ್ಲೆಯನ್ನು ಮದುವೆಯಾದ. ಮಾವನ ಮನೆಯಿಂದ ಕರು ಹಾಕಿದ ಎರಡು ಹಸು ಬಂದವು. ಹಳೆಯ ಕ್ವೇಕರ್ ಯಜಮಾನ ಅಂಗಡಿಯಲ್ಲಿ 15 ಡಾಲರಿನ ಸಾಮಾನು ಕೊಡಿಸಿದ. ಪಾಲಿಗೆ ನೂಲುವುದು, ನೇಯುವುದು ಚೆನ್ನಾಗಿ ಬರುತ್ತಿತ್ತು. ಆದರೂ ಗೇಣಿ ಜಮೀನಿನಲ್ಲಿ ಸಂಸಾರ ಮೇಲೇಳಲಿಲ್ಲ. ಗೇಣಿ ಕಟ್ಟುವುದಕ್ಕೇ ಬೆಳೆ ಸಾಕಾಗುತ್ತಿತ್ತು. 1811ರಲ್ಲಿ ಪಶ್ಚಿಮಕ್ಕೆ ಹೊರಟರು. 1813ರಲ್ಲಿ ಮತ್ತೆ ಎದ್ದು ಟೆನೆಸ್ಸಿಯ ದಕ್ಷಿಣದ ಅಂಚಿನ ಬೀನ್ಸ್ ಕ್ರೀಕ್ ಎಂಬಲ್ಲಿಗೆ ಬಂದರು. ಮೂರು ಮಕ್ಕಳು, ಕೊನೆಯ ಮಗುವಿಗೆ ಇನ್ನೂ ವರ್ಷ ತುಂಬಿರಲಿಲ್ಲ.

ಆ ಆಗಸ್ಟ್ 30ರಂದು ಈಗಿನ ಅಲಬಾಮದ ಫೋರ್ಟ್ ಮಿಮ್ಸ್ ಮೇಲೆ ಕ್ರೀಕ್ ಎಂಬ ಮೂಲನಿವಾಸಿ ಜನಾಂಗದ ‘ಕೆಂಪು ಕೋಲು’ ಬಣದವರು ದಾಳಿ ಮಾಡಿ ನೂರಾರು ಜನರನ್ನು ಕೊಂದರು. ಹೆಂಗಸರು, ಮಕ್ಕಳು ಕೂಡ. ಸುದ್ದಿ ಟೆನೆಸ್ಸಿಗೆ ಬಂದದ್ದು ಇಷ್ಟೇ. ಅದಕ್ಕೂ ಒಂದು ತಿಂಗಳ ಹಿಂದೆ, ಜುಲೈನಲ್ಲಿ, ಬರ್ನ್ಟ್ ಕಾರ್ನ್ ಹಳ್ಳದ ಹತ್ತಿರ ಬಿಳಿಯರೇ ಮೊದಲು ಕೆಂಪು ಕೋಲಿನವರ ಮೇಲೆ ಬಿದ್ದಿದ್ದರು, ಕ್ರೀಕರೊಳಗೇ ಅಣ್ಣತಮ್ಮಂದಿರ ಜಗಳ ನಡೆದಿತ್ತು ಅನ್ನೋದು ಯಾರ ಬಾಯಲ್ಲೂ ಬರಲಿಲ್ಲ.

ಪಾಲಿ ಬೇಡ ಅಂದಳು. ನಾವು ಈ ಊರಿಗೆ ಹೊಸಬರು, ಕೂಗಿದರೆ ಬರುವ ನೆಂಟರಿಲ್ಲ, ಮಕ್ಕಳು ಸಣ್ಣವು, ಹೇಗೆ ಬಿಟ್ಟು ಹೋಗ್ತೀರಿ ಅಂತ ಅತ್ತಳು. ಅವನು ಕೊಟ್ಟ ಉತ್ತರ: ಪ್ರತಿಯೊಬ್ಬನೂ ತನ್ನ ಹೆಂಡತಿ ಒಪ್ಪಲಿ ಅಂತ ಕಾದರೆ ಯುದ್ಧವೇ ನಡೆಯೋದಿಲ್ಲ, ಕೊನೆಗೆ ಎಲ್ಲರೂ ನಮ್ಮ ನಮ್ಮ ಮನೆಯಲ್ಲೇ ಸಾಯುತ್ತೇವೆ. ಈ ಮಾತು ಹೇಳುವಾಗ ಅವನ ಕಣ್ಣ ಮುಂದೆ ಅಜ್ಜ ಅಜ್ಜಿ ಇದ್ದಿರಬೇಕು ಅಂತ ನನಗೆ ಅನ್ನಿಸುತ್ತದೆ. ಅವರು ಸತ್ತದ್ದು ಹಾಗೆಯೇ, ಅವರ ಮನೆಯಲ್ಲೇ.

ಸೆಪ್ಟೆಂಬರಿನಲ್ಲಿ ವಿಂಚೆಸ್ಟರ್ ಊರಿಗೆ ಹೋಗಿ ಕ್ಯಾಪ್ಟನ್ ಫ್ರಾನ್ಸಿಸ್ ಜೋನ್ಸ್‌ನ ಕುದುರೆ ಪಡೆಗೆ ಸೇರಿದ. ಪುಸ್ತಕದಲ್ಲಿ 60 ದಿನಕ್ಕೆ ಅಂತ ಬರೆದಿದ್ದಾನೆ, ಸೇನೆಯ ದಾಖಲೆಯಲ್ಲಿ 90 ದಿನ ಅಂತಿದೆ. ಮನೆತನದ ಚರಿತ್ರೆ ಬರೆಯುವವರು ಈ ಸಣ್ಣ ವ್ಯತ್ಯಾಸವನ್ನು ನೋಡಬೇಕು. ಇಪ್ಪತ್ತು ವರ್ಷದ ನಂತರ, ಅದೂ ರಾಜಕೀಯಕ್ಕೆ ಇಳಿದ ಮೇಲೆ, ಮನುಷ್ಯ ತನ್ನ ಕಥೆ ಹೇಳುವಾಗ ಲೆಕ್ಕ ಅಲ್ಲಲ್ಲಿ ತಪ್ಪುತ್ತದೆ.

ಆದರೆ ಒಂದು ದಿನದ ಬಗ್ಗೆ ಅವನು ಏನನ್ನೂ ಮುಚ್ಚಿಡಲಿಲ್ಲ. 1813ರ ನವೆಂಬರ್ 3, ಟಲ್ಲುಶಾಚಿ ಎಂಬ ಕ್ರೀಕ್ ಹಳ್ಳಿ. ಜನರಲ್ ಕಾಫಿಯ ಪಡೆ ಹಳ್ಳಿಯನ್ನು ಸುತ್ತುವರಿಯಿತು. 46 ಮಂದಿ ಯೋಧರು ಒಂದು ಮನೆಯೊಳಗೆ ಓಡಿಹೋದರು. ಬಾಗಿಲಲ್ಲಿ ಕೂತಿದ್ದ ಹೆಂಗಸೊಬ್ಬಳು ಕಾಲಿನಿಂದ ಬಿಲ್ಲು ಒತ್ತಿ ಹಿಡಿದು ಬಾಣ ಬಿಟ್ಟಳು, ಒಬ್ಬ ಸತ್ತ. ಅವಳ ಮೈಗೆ ಕನಿಷ್ಠ ಇಪ್ಪತ್ತು ಗುಂಡು ಬಿದ್ದವು. ಆಮೇಲೆ ಆ ಮನೆಗೆ, ಒಳಗಿದ್ದ ಅಷ್ಟೂ ಜನರ ಸಮೇತ, ಬೆಂಕಿ ಇಟ್ಟರು. ನಾಯಿಗಳನ್ನು ಹೊಡೆದ ಹಾಗೆ ಹೊಡೆದೆವು ಅಂತ ಅವನೇ ಬರೆಯುತ್ತಾನೆ. ಹನ್ನೆರಡು ವರ್ಷದ ಹುಡುಗನೊಬ್ಬ, ತೋಳು ತೊಡೆ ಮುರಿದುಕೊಂಡು, ಉರಿಯುವ ಮನೆಯ ಪಕ್ಕದಿಂದ ತೆವಳುತ್ತಿದ್ದದ್ದನ್ನೂ ಬರೆಯುತ್ತಾನೆ.

ಆ ದಿನ ಸತ್ತ ಕ್ರೀಕರ ಸಂಖ್ಯೆ 186 ಅಂತ ಕಾಫಿ ವರದಿ ಕಳಿಸಿದ. ಅಮೆರಿಕನ್ನರಲ್ಲಿ ಸತ್ತವರು 5.

ಸಿಪಾಯಿಗಳಿಗೆ ದಿನಗಟ್ಟಲೆ ಸರಿಯಾದ ಊಟ ಇರಲಿಲ್ಲ. ಮಾರನೆಯ ದಿನ ಅದೇ ಹಳ್ಳಿಗೆ ವಾಪಸು ಹೋದರು. ಸುಟ್ಟ ಮನೆಯ ಕೆಳಗೆ ನೆಲಮಾಳಿಗೆಯಲ್ಲಿ ಆಲೂಗಡ್ಡೆ ರಾಶಿ ಇತ್ತು. ಮೇಲೆ ಸುಟ್ಟುಹೋದ ಜನರ ಕೊಬ್ಬು ಕರಗಿ ಕೆಳಗೆ ಸುರಿದು ಆ ಗಡ್ಡೆಗಳು ಬೆಂದಿದ್ದವು. ಮಾಂಸದ ಜೊತೆ ಬೇಯಿಸಿದ ಹಾಗೆ ಕಾಣುತ್ತಿದ್ದವು. ಹಸಿವು ತಡೆಯಲಾರದೆ ತಿಂದೆವು ಅಂತಾನೆ. ನಾನು ಮೊದಲ ಸಲ ಇದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟು ಎದ್ದುಹೋದೆ. ಮುಚ್ಚಿಡಬಹುದಾಗಿದ್ದ ಸಂಗತಿಯನ್ನು ಅವನು ಬರೆದ ಅನ್ನೋದಕ್ಕೆ ನನಗೆ ಅವನ ಮೇಲೆ ಗೌರವ ಇದೆ. ಆದರೆ ಆ ಗಡ್ಡೆ ಬೆಳೆದಿಟ್ಟುಕೊಂಡಿದ್ದವರೂ ಅವನ ಹಾಗೆಯೇ ರೈತರು. ಅವರಿಗೂ ಅಜ್ಜ ಅಜ್ಜಿ ಇದ್ದರು.

ಡಿಸೆಂಬರಿನಲ್ಲಿ ಅವಧಿ ಮುಗಿದು ಮನೆಗೆ ಬಂದ. ಮರುವರ್ಷ ಇನ್ನೊಮ್ಮೆ ಆರು ತಿಂಗಳಿಗೆ ಸೇರಿದ. ಈ ಸಲ ಸಾರ್ಜೆಂಟ್. ಫ್ಲಾರಿಡಾದ ಪೆನ್ಸಕೋಲಾ ತಲುಪುವ ಹೊತ್ತಿಗೆ ಜನರಲ್ ಜಾಕ್ಸನ್ ಊರನ್ನು ಹಿಡಿದಾಗಿತ್ತು. ಕಾಡಿನಲ್ಲಿ ಹಸಿದು ಅಲೆದದ್ದೇ ಬಂತು. ಕೊನೆಯ ಒಂದು ತಿಂಗಳಿಗೆ ತನ್ನ ಸಂಬಳ ಬಿಟ್ಟುಕೊಟ್ಟು ಬದಲಿ ಆಳನ್ನು ಕಳಿಸಿದ. ಆಗ ಅದಕ್ಕೆ ಅವಕಾಶ ಇತ್ತು.

ಆ ಯುದ್ಧದಿಂದ ಯಾರಿಗೆ ಏನು ಸಿಕ್ಕಿತು? 1814ರ ಆಗಸ್ಟಿನ ಫೋರ್ಟ್ ಜಾಕ್ಸನ್ ಒಪ್ಪಂದದಲ್ಲಿ ಕ್ರೀಕರು 2 ಕೋಟಿ ಎಕರೆಗೂ ಜಾಸ್ತಿ ನೆಲ ಬಿಟ್ಟುಕೊಡಬೇಕಾಯಿತು. ಜಾಕ್ಸನ್ ಪಕ್ಕದಲ್ಲಿ ನಿಂತು ಹೋರಾಡಿದ ಕ್ರೀಕರ ನೆಲವೂ ಅದರಲ್ಲಿ ಹೋಯಿತು. ಕ್ರೊಕೆಟ್‌ಗೆ ಸಿಕ್ಕಿದ್ದು ಸಿಪಾಯಿಯ ಕೂಲಿ. 1815ರಲ್ಲಿ ಪಾಲಿ ತೀರಿಕೊಂಡಳು. ಕೈಯಲ್ಲಿ ಮೂರು ತಬ್ಬಲಿ ಮಕ್ಕಳು.

ಎಲಿಜಬೆತ್, ಮತ್ತೆ ನೀರು

ಅದೇ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಎಲಿಜಬೆತ್ ಪ್ಯಾಟನ್ ಹತ್ತಿರದಲ್ಲೇ ಇದ್ದಳು. ಇಬ್ಬರು ಮಕ್ಕಳು, ಸ್ವಂತ ಹೊಲ, ಅಚ್ಚುಕಟ್ಟಾದ ಸಂಸಾರ. ಇಬ್ಬರೂ ಮದುವೆಯಾದರು. ಡೇವಿಡ್‌ಗಿಂತ ಲೆಕ್ಕಾಚಾರ ಗೊತ್ತಿದ್ದವಳು ಈಕೆಯೇ ಅಂತ ನನ್ನ ಅಭಿಪ್ರಾಯ. 1817ರಲ್ಲಿ ಲಾರೆನ್ಸ್ ಕೌಂಟಿಯ ಶೋಲ್ ಕ್ರೀಕ್‌ಗೆ ಹೋಗಿ ಹಿಟ್ಟಿನ ಗಿರಣಿ, ಮದ್ದಿನ ಗಿರಣಿ, ಸಾರಾಯಿ ಭಟ್ಟಿ ಹಾಕಿದರು. ಖರ್ಚು 3,000 ಡಾಲರ್. 1821ರಲ್ಲಿ ಪ್ರವಾಹ ಬಂದು ಗಿರಣಿಗಳನ್ನು ಎತ್ತಿಕೊಂಡು ಹೋಯಿತು. ಅಪ್ಪನ ಗಿರಣಿ ಹೋದ ಹಾಗೆಯೇ.

ಎಲಿಜಬೆತ್ ಕೂತು ಅಳಲಿಲ್ಲ. ಕೊನೆ ಕಾಸು ಇರುವವರೆಗೂ ಸಾಲ ತೀರಿಸಿಬಿಡಿ, ಎಲ್ಲರಿಗೂ ಸಮಾಧಾನ ಆಗಲಿ, ಆಮೇಲೆ ನಾವು ಮತ್ತೆ ದುಡಿದುಕೊಂಡರಾಯಿತು ಅಂದಳು. ಇದ್ದದ್ದನ್ನೆಲ್ಲ ಕೊಟ್ಟು ಪಶ್ಚಿಮ ಟೆನೆಸ್ಸಿಯ ಓಬಿಯನ್ ನದಿಯ ಕಡೆಗೆ ಹೋದರು. ಅದು 1818ರವರೆಗೆ ಚಿಕಸಾ ಜನರ ನೆಲವಾಗಿತ್ತು.

ಅಲ್ಲಿ ಡೇವಿಡ್‌ನ ಸುತ್ತ ಇದ್ದವರೆಲ್ಲ ಪತ್ರವಿಲ್ಲದೆ ಉಳುವವರು. ನಮ್ಮಲ್ಲಿ ಬಗರ್ ಹುಕುಂ ಅಂತೀವಲ್ಲ, ಹೆಚ್ಚುಕಡಿಮೆ ಅದೇ ಪಾಡು. ಕಾಡು ಕಡಿದು, ಬೇಲಿ ಹಾಕಿ, ಮೆಕ್ಕೆಜೋಳ ಬೆಳೆಯುತ್ತಿದ್ದರು. ಹಿಂದಿನ ಸೇನಾ ಸೇವೆಗೆ ಕೊಟ್ಟ ಹಳೆಯ ಜಮೀನಿನ ಪತ್ರ ಹಿಡಿದ ಯಾರೋ ಪಟ್ಟಣದವನು ಸರ್ವೇಯರ್ ಜೊತೆ ಬಂದು ಇದು ನನ್ನದು ಅಂದರೆ ಎದ್ದುಹೋಗಬೇಕು. 1827ರಲ್ಲಿ ಡೇವಿಡ್ ಸಂಸತ್ತಿಗೆ ಹೋದದ್ದು ಇವರ ವೋಟಿನಿಂದ. ಅಲ್ಲಿ ಅವನು ಹಿಡಿದ ಕೆಲಸ ಒಂದೇ: ಉಳುವವನಿಗೆ 160 ಎಕರೆ ಕಡಿಮೆ ಬೆಲೆಗೆ ಕೊಡಿ. ಸ್ವಂತ ಪಕ್ಷದವರೇ ಒಪ್ಪಲಿಲ್ಲ. ಅವನ ಒಂದು ಮಸೂದೆಯೂ ಪಾಸಾಗಲಿಲ್ಲ.

1830ರ ಮೇ ತಿಂಗಳಲ್ಲಿ ಮೂಲನಿವಾಸಿಗಳನ್ನು ಮಿಸಿಸಿಪ್ಪಿ ನದಿಯ ಆಚೆ ಕಳಿಸುವ, ಆಗ ಅಮೆರಿಕದ ಅಧ್ಯಕ್ಷನಾಗಿದ್ದ ಜಾಕ್ಸನ್ನನ ಮಸೂದೆ ವೋಟಿಗೆ ಬಂತು. 102ಕ್ಕೆ 97ರಲ್ಲಿ ಪಾಸಾಯಿತು. ಟೆನೆಸ್ಸಿಯವರಲ್ಲಿ ಬೇಡ ಅಂದವನು ಕ್ರೊಕೆಟ್ ಒಬ್ಬನೇ. ಜಾಕ್ಸನ್ ಮೇಲಿನ ಸಿಟ್ಟು ಅಂತ ಕೆಲವರು ಹೇಳುತ್ತಾರೆ. ಸಿಟ್ಟು ಇತ್ತು, ನಿಜ. ಆದರೆ ಅದು ಅನ್ಯಾಯದ ಕಾನೂನು, ಕೊನೆಯ ತೀರ್ಪಿನ ದಿನವೂ ಈ ವೋಟಿಗೆ ನಾನು ನಾಚಿಕೊಳ್ಳಬೇಕಿಲ್ಲ ಅಂತ ಅವನು ಬರೆದಿದ್ದಾನೆ. ಅಜ್ಜ ಅಜ್ಜಿಯನ್ನು ಚೆರೋಕೀಗಳು ಕೊಂದ ಮನೆಯವನು, ಟಲ್ಲುಶಾಚಿಯಲ್ಲಿ ತಾನೂ ಕೊಂದವನು, ತನ್ನ ಕ್ಷೇತ್ರದ ಜನರಿಗೆ ಇಷ್ಟವಿಲ್ಲದ ಈ ವೋಟು ಹಾಕಿದ. ಅವನ ಬದುಕಿನಲ್ಲಿ ಅಲಾಮೊಗಿಂತ ಇದಕ್ಕೇ ಜಾಸ್ತಿ ಧೈರ್ಯ ಬೇಕಾಗಿತ್ತು ಅಂತ ನಾನು ನಂಬುತ್ತೇನೆ. ಮರುವರ್ಷದ ಚುನಾವಣೆಯಲ್ಲಿ ಸೋತ. 1833ರಲ್ಲಿ ಗೆದ್ದ. 1835ರಲ್ಲಿ 252 ವೋಟಿನಿಂದ ಮತ್ತೆ ಸೋತ.

ಕೊನೆಯ ಜಮೀನು

ನವೆಂಬರಿನಲ್ಲಿ ಟೆಕ್ಸಾಸಿಗೆ ಹೊರಟ. ಆಗ ಅದು ಮೆಕ್ಸಿಕೊ ದೇಶದ ಭಾಗ. ಅಲ್ಲಿ ಹೋಗಿ ನೆಲೆಸಿದ್ದ ಅಮೆರಿಕನ್ನರು ಮೆಕ್ಸಿಕೊದ ಆಳುವವನಾದ ಸಾಂಟಾ ಆನ್ನಾನ ಏಕಾಧಿಪತ್ಯದ ವಿರುದ್ಧ ಎದ್ದಿದ್ದರು. ಸ್ವಾತಂತ್ರ್ಯದ ಮಾತಿನ ಪಕ್ಕದಲ್ಲೇ ಇನ್ನೊಂದು ವಿಷಯವೂ ಇತ್ತು: ಮೆಕ್ಸಿಕೊ 1829ರಲ್ಲಿ ಗುಲಾಮಗಿರಿ ರದ್ದು ಮಾಡಿತ್ತು, ಹತ್ತಿ ಬೆಳೆಯುವ ಬಿಳಿಯರು ಗುಲಾಮರನ್ನು ಬಿಡಲು ತಯಾರಿರಲಿಲ್ಲ.

ಜನವರಿ 9ರಂದು ಮಗಳು ಮಾರ್ಗರೆಟ್‌ಗೆ ಬರೆದ ಪತ್ರ ಉಳಿದಿದೆ. ಅದರಲ್ಲಿ ಯುದ್ಧಕ್ಕಿಂತ ನೆಲದ ಮಾತೇ ಎದ್ದು ಕಾಣುತ್ತದೆ. ಇಂಥ ಮಣ್ಣು, ಇಂಥ ಕಾಡು, ಇಂಥ ನೀರು ಎಲ್ಲೂ ನೋಡಿಲ್ಲ, ರೆಡ್ ನದಿಯ ಕಡೆ ನೆಲೆಸುತ್ತೇನೆ, ಇಷ್ಟು ದಿನ ನನ್ನ ಪಾಡು ಸರಿಯಿರಲಿಲ್ಲ, ಇನ್ನಾದರೂ ನನಗೂ ಮನೆಯವರಿಗೂ ಒಂದು ಆಸ್ತಿ ಮಾಡುತ್ತೇನೆ, ನನ್ನ ಬಗ್ಗೆ ಚಿಂತೆ ಮಾಡಬೇಡ, ಸ್ನೇಹಿತರ ನಡುವೆ ಇದ್ದೇನೆ. ಅಪ್ಪನ ಸಾಲಪತ್ರ ತಂದುಕೊಟ್ಟ ಹುಡುಗನೇ ಇಲ್ಲಿ ಮಾತಾಡುತ್ತಿದ್ದಾನೆ ಅನ್ನಿಸುತ್ತದೆ ನನಗೆ.

ಫೆಬ್ರವರಿಯಲ್ಲಿ ಅಲಾಮೊ ಕೋಟೆ ಇರುವ ಸ್ಯಾನ್ ಆಂಟೋನಿಯೊ ತಲುಪಿದ. 23ರಂದು ಸಾಂಟಾ ಆನ್ನಾನ ಸೈನ್ಯ ಬಂತು. 13 ದಿನದ ಮುತ್ತಿಗೆ. ಮಾರ್ಚ್ 6ರ ಬೆಳಕು ಹರಿಯುವ ಮೊದಲು ದಾಳಿ ಶುರುವಾಯಿತು, ಸೂರ್ಯ ಮೇಲೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನು ಕಾದಾಡುತ್ತಲೇ ಸತ್ತ ಅಂತ ಕೆಲವರು, ಸೆರೆಹಿಡಿದು ಕೊಂದರು ಅಂತ ಮೆಕ್ಸಿಕೊದ ಅಧಿಕಾರಿಯೊಬ್ಬನ ಬರಹ. ಈ ಜಗಳಕ್ಕೆ ಪುಟಗಟ್ಟಲೆ ಖರ್ಚಾಗಿದೆ. ಮನೆಯವರ ಮಟ್ಟಿಗೆ ಎರಡೂ ಒಂದೇ. ಸತ್ತವರ ದೇಹಗಳನ್ನು ಒಟ್ಟಿಗೆ ಹಾಕಿ ಸುಟ್ಟರು, ಅವನ ದೇಹ ಮನೆಗೆ ಬರಲಿಲ್ಲ.

ಹಿರಿಯ ಮಗ ಜಾನ್ ವೆಸ್ಲಿ 1837ರಲ್ಲಿ ಅಪ್ಪನ ಜಾಗದಲ್ಲಿ ಸಂಸದನಾದ. ಅಪ್ಪ ಪಾಸು ಮಾಡಿಸಲಾಗದ ಟೆನೆಸ್ಸಿ ಜಮೀನಿನ ಕಾನೂನನ್ನು ಸ್ವಲ್ಪ ಬದಲಾದ ರೂಪದಲ್ಲಿ 1841ರಲ್ಲಿ ಪಾಸು ಮಾಡಿಸಿದ. ಕ್ರೊಕೆಟ್ ಬಗ್ಗೆ ಅಲಾಮೊ ಬಿಟ್ಟು ಬೇರೆ ಗೊತ್ತಿಲ್ಲದವರಿಗೆ ನಾನು ಮೊದಲು ಹೇಳುವುದು ಈ ಸಂಗತಿಯನ್ನೇ.

ಎಲಿಜಬೆತ್‌ಗೆ ಅಲಾಮೊ ಸಿಪಾಯಿಯ ವಿಧವೆ ಅಂತ ಟೆಕ್ಸಾಸಿನಲ್ಲಿ ಜಮೀನು ಮಂಜೂರಾಯಿತು. 1850ರ ದಶಕದಲ್ಲಿ, ಅರವತ್ತು ದಾಟಿದ ಮೇಲೆ, ಮಗ ರಾಬರ್ಟ್‌ನ ಸಂಸಾರದ ಜೊತೆ ಟೆನೆಸ್ಸಿ ಬಿಟ್ಟು ಅಲ್ಲಿಗೆ ಬಂದಳು. ಅಳತೆ ಮಾಡಿಕೊಟ್ಟ ಸರ್ವೇಯರ್‌ಗೆ ಕೂಲಿಯಾಗಿ ಆ ಜಮೀನಿನಲ್ಲೇ ಪಾಲು ಕೊಡಬೇಕಾಯಿತು. ಉಳಿದದ್ದರಲ್ಲಿ ಮರದ ಮನೆ ಕಟ್ಟಿಕೊಂಡರು. ಗಂಡ ಸತ್ತ ದಿನದಿಂದ ಆಕೆ ಕಪ್ಪು ಬಟ್ಟೆಯನ್ನೇ ಉಡುತ್ತಿದ್ದಳು ಅಂತ ಅಲ್ಲಿನ ಜನ ಹೇಳುತ್ತಾರೆ. 1860ರ ಜನವರಿ 31ರಂದು ತೀರಿಕೊಂಡಳು.

ಆ್ಯಕ್ಟನ್ ಎಂಬ ಊರಿನ ಸ್ಮಶಾನದಲ್ಲಿ ಆಕೆಯ ಸಮಾಧಿ ಇದೆ. ಮೇಲೆ ಒಂದು ಕಲ್ಲಿನ ಹೆಂಗಸು, ಕಣ್ಣಿಗೆ ಕೈ ಅಡ್ಡ ಹಿಡಿದು ದೂರಕ್ಕೆ ನೋಡುತ್ತಾ ನಿಂತಿದ್ದಾಳೆ. ಟೆಕ್ಸಾಸ್ ರಾಜ್ಯ ಕಾಪಾಡಿಕೊಂಡಿರುವ ಐತಿಹಾಸಿಕ ತಾಣಗಳಲ್ಲಿ ಇದೇ ಅತಿ ಚಿಕ್ಕದು. 12 ಅಡಿ ಅಗಲ, 21 ಅಡಿ ಉದ್ದ.